ಕುರಡಗಿಗೆ ಬೇಕಾದ ಬಿಸಿಲು

ನಮ್ಮೂರಿಗೆ ಸ್ವಂತದ್ದೊಂದು ಹವಾಮಾನವಿಲ್ಲ. ಬಿಸಿಲೇನೋ ಇದೆ, ಧೂಳಿದೆ, ಮೇ ತಿಂಗಳ ಮಧ್ಯಾಹ್ನ ನಲ್ಲಿ ತಿರುಗಿಸಿದರೆ ನೇರ ಚಹಾಪುಡಿ ಹಾಕಬಹುದಾದಂಥ ನೀರೂ ಬರುತ್ತದೆ. ಆದರೆ ಫೋನಿನಲ್ಲಿ ಊರಿನ ಹೆಸರು ಹಾಕಿ ಹವಾಮಾನ ಕೇಳಿದರೆ ಅದು ಸ್ವಲ್ಪ ಹೊತ್ತು ಯೋಚಿಸಿ, ಇಂಥ ಊರು ಸಿಗಲಿಲ್ಲ ಎನ್ನುತ್ತದೆ. ಕಾಗವಾಡದಿಂದ ಅಥಣಿಗೆ ಹೋಗುವ ದಾರಿಯಲ್ಲಿ ನಮ್ಮೂರು. ಬಸ್ಸು ನಿಲ್ಲುತ್ತದೆ, ಚುನಾವಣೆಗೆ ಜನ ಬರುತ್ತಾರೆ, ಹವಾಮಾನ ಮಾತ್ರ ನಿಲ್ಲದೆ ಮುಂದೆ ಹೋಗುತ್ತದೆ.

ಟಿವಿಯಲ್ಲೂ ಇದೇ ಕಥೆ. ಕನ್ನಡದ ಟಿವಿಯಲ್ಲಿ ಹವಾಮಾನ ಹೇಳುವ ಹುಡುಗ ನಕಾಶೆಯ ಎಡಗಡೆ ನಿಲ್ಲುತ್ತಾನೆ. ಕರಾವಳಿಯಿಂದ ಶುರುಮಾಡಿ ಬೀದರದವರೆಗೆ ಕೈ ಬೀಸುತ್ತಾನೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಎಲ್ಲ ಅವನ ತಲೆಯ ಹಿಂದೆ ಇರುತ್ತವೆ. ಅವನು ಒಂದು ಸಲ ಬಗ್ಗಿ ಕೆಮ್ಮಿದಾಗ ಮಾತ್ರ ನಮ್ಮ ಭಾಗ ಕಂಡಿತ್ತು. ಕೆಂಪು ಬಣ್ಣ ಬಳಿದಿದ್ದರು. ಮರಾಠಿ ಟಿವಿ ಹಾಕಿದರೆ ಅವರ ನಕಾಶೆ ಮೀರಜ ದಾಟಿದ ಕೂಡಲೇ ಮುಗಿಯುತ್ತದೆ. ಆಚೆಗೆ ಬರೀ ಬಿಳಿ. ಆ ಬಿಳಿಯೊಳಗೆ ನಾವು ಕೂತು ಕಬ್ಬಿಗೆ ನೀರು ಬಿಡುತ್ತಿರುತ್ತೇವೆ.

ಇದರಿಂದ ನನಗೇನೂ ತೊಂದರೆ ಇರಲಿಲ್ಲ. ನನ್ನದು ಮೋಟರು ವೈಂಡಿಂಗ್ ಅಂಗಡಿ. ಬೇಸಿಗೆಯಲ್ಲಿ ಬೋರಿನ ಮೋಟರುಗಳು ಸುಟ್ಟುಕೊಂಡು ತಾವಾಗಿಯೇ ಬರುತ್ತವೆ, ಮುನ್ಸೂಚನೆ ಬೇಕಿಲ್ಲ. ತೊಂದರೆ ಶುರುವಾದದ್ದು ಮಗಳ ಮದುವೆ ಗೊತ್ತಾದ ಮೇಲೆ.

ಹುಡುಗ ಮೀರಜದ ಕಡೆಯವನು. ನಮ್ಮ ಗಡಿಯ ಮದುವೆಗಳಲ್ಲಿ ರುಖವತ ಅಂತ ಒಂದಿರುತ್ತದೆ. ಹೆಣ್ಣಿನ ಮನೆಯವರು ಮನೆಯಲ್ಲೇ ಮಾಡಿದ ಶ್ಯಾವಿಗೆ, ಹಪ್ಪಳ, ಸಂಡಿಗೆ, ಉಂಡೆಗಳನ್ನು ಮದುವೆಯ ದಿನ ಕಾರ್ಯಾಲಯದಲ್ಲಿ, ಅಂದರೆ ಮದುವೆ ಮಂಟಪದಲ್ಲಿ, ಮೇಜಿನ ಮೇಲೆ ಜೋಡಿಸಿ ಇಡಬೇಕು. ಗಂಡಿನ ಕಡೆಯ ಹೆಂಗಸರು ಬಂದು ನೋಡುತ್ತಾರೆ. ನೋಡುತ್ತಾರೆ ಎಂದರೆ ಸಣ್ಣ ಮಾತಾಯಿತು. ಎತ್ತಿ, ತಿರುಗಿಸಿ, ಬಡಿದು, ಮೂಸಿ ನೋಡುತ್ತಾರೆ. ಅದರಲ್ಲಿ ರಾಣಿ ಇದ್ದ ಹಾಗೆ ಕುರಡಗಿ. ಗೋಧಿಯ ಹಾಲು ತೆಗೆದು, ಬೇಯಿಸಿ, ಅಚ್ಚಿನಲ್ಲಿ ಒತ್ತಿ ಗೂಡಿನ ಹಾಗೆ ಸುತ್ತಿ ಒಣಗಿಸುವ ತಿನಿಸು. ಕರಿದರೆ ಅಂಗೈಯಷ್ಟಿದ್ದದ್ದು ತಾಟಿನಷ್ಟು ಅರಳುತ್ತದೆ.

ನನ್ನ ಹೆಂಡತಿಯ ಅಕ್ಕನ ಮಗಳ ಮದುವೆಯಲ್ಲಿ, ಸಮಯ ಸಾಲದೆ, ಅಂಗಡಿಯಿಂದ ತಂದ ಕುರಡಗಿಯನ್ನು ಬುಟ್ಟಿಗೆ ಹಾಕಿ ಇಟ್ಟಿದ್ದರು. ಎಲ್ಲೋ ಪಾಕೀಟಿನ ಒಂದು ತುಣುಕು ಪ್ಲಾಸ್ಟಿಕ್ಕು ಅಂಟಿಕೊಂಡಿತ್ತು. ಆ ಹುಡುಗಿಗೆ ಈಗ ಎರಡು ಮಕ್ಕಳು. ಗಂಡನ ಮನೆಯಲ್ಲಿ ಇವತ್ತಿಗೂ ಅವಳ ಹೆಸರು 'ಪಾಕೀಟ ಸೊಸಿ.' ಅತ್ತೆ ಕರೆಯುವುದೂ ಹಾಗೆಯೇ, ನೆರೆಮನೆಯವರು ವಿಚಾರಿಸುವುದೂ ಹಾಗೆಯೇ.

"ನನ್ನ ಮಗಳಿಗೆ ಹೆಸರ ಇಟ್ಟೇನಿ ನಾನು. ಆ ಮಂದಿ ಮತ್ತೊಂದು ಇಡೂದು ಬ್ಯಾಡ," ಎಂದು ನನ್ನ ಹೆಂಡತಿ ಮದುವೆ ಗೊತ್ತಾದ ದಿನವೇ ತೀರ್ಮಾನ ಮಾಡಿದಳು.

ಕುರಡಗಿಯ ಕೆಲಸ ಒಬ್ಬರಿಂದ ಆಗುವುದಲ್ಲ. ನಮ್ಮ ಓಣಿಯಲ್ಲಿ ಹೆಂಗಸರು ಪಾಳಿ ಹಚ್ಚಿಕೊಳ್ಳುತ್ತಾರೆ. ಇವತ್ತು ಇವರ ಮಾಳಿಗೆ, ನಾಳಿದ್ದು ಅವರ ಮಾಳಿಗೆ. ಎಲ್ಲರೂ ಎಲ್ಲರ ಮನೆಗೆ ಹೋಗಿ ಒತ್ತಿಕೊಡಬೇಕು. ಪಾಳಿ ತಪ್ಪಿದರೆ ಮತ್ತೆ ಸಾಲಿನ ಕೊನೆಗೆ. ನಮ್ಮ ಪಾಳಿ ತಪ್ಪಿದರೆ ಮುಂದಿನದು ಬರುವಷ್ಟರಲ್ಲಿ ಮಗಳ ಮದುವೆಯಾಗಿ, ಆಷಾಢಕ್ಕೆ ತವರಿಗೂ ಬಂದಿರುತ್ತಿದ್ದಳು. ಇನ್ನೊಂದು ತೊಡಕೆಂದರೆ, ಗೋಧಿಯನ್ನು ಮೂರು ದಿನ ಮೊದಲೇ ನೆನೆ ಹಾಕಬೇಕು. ನೆನೆದ ಗೋಧಿ ಯಾರ ಮಾತೂ ಕೇಳುವುದಿಲ್ಲ. ಅವತ್ತು ಬಿಸಿಲಿರಲಿ, ಮೋಡವಿರಲಿ, ರುಬ್ಬಲೇಬೇಕು, ಒತ್ತಲೇಬೇಕು.

ಆದ್ದರಿಂದ ಪಾಳಿಗೆ ಮೂರು ದಿನ ಇರುವಾಗ ಒಂದು ಮುಂಜಾನೆ ಹೆಂಡತಿ ಗೋಧಿಯ ಡಬ್ಬಿ ಮುಂದಿಟ್ಟುಕೊಂಡು ನನ್ನನ್ನು ಕರೆದಳು.

"ನಿಮ್ಮ ಫೋನಿನ್ಯಾಗ ನೋಡಿ ಹೇಳ್ರಿ. ನೆನಿ ಹಾಕ್ಲ್ಯೋ ಬ್ಯಾಡೋ?"

ನಮ್ಮ ಮನೆಯಲ್ಲಿ ನನ್ನನ್ನು ಕೇಳಿ ಏನಾದರೂ ಮಾಡಿದ್ದು ಅದೇ ಮೊದಲು. ನಾನು ಓದಿದ್ದೇ ತಡವಾಗಿ. ಹತ್ತನೇ ತರಗತಿಯ ಪರೀಕ್ಷೆಗೆ ಕೂತಾಗ ನನ್ನ ಮಗಳೇ ನನ್ನಿಂದ ಪಾಠ ಒಪ್ಪಿಸಿಕೊಳ್ಳುತ್ತಿದ್ದಳು. ಅಂಥವನಿಗೆ ಇದು ಸಣ್ಣ ಮರ್ಯಾದೆಯಲ್ಲ. ಕನ್ನಡಕ ಹಾಕಿಕೊಂಡು ಕೂತೆ. ನಮ್ಮೂರು ಸಿಗದ ಕಾರಣ ಪಾಳಿಯ ದಿನಕ್ಕೆ ಮೀರಜದ ಹವಾಮಾನ ನೋಡಿದೆ: ಚೆಂದದ ಸೂರ್ಯ. ಅಥಣಿಯದು ನೋಡಿದೆ: ಸೂರ್ಯನ ಮುಖದ ಮೇಲೆ ಅರ್ಧ ಮೋಡ. ಬೆಳಗಾವಿಯದು ನೋಡಿದೆ: ಮೋಡ, ಸಿಡಿಲು, ಕೆಳಗೆ ಹನಿ.

"ಮೀರಜದಾಗ ಬಿಸಲ ಐತಿ," ಎಂದೆ.

"ಕುರಡಗಿ ಒಣಸೂದು ಮೀರಜದಾಗೇನ್ರಿ?"

"ಅಥಣ್ಯಾಗ ಅರ್ಧಾ ಮೋಡ ಐತಿ. ಬೆಳಗಾವ್ಯಾಗ ಗುಡುಗ ಐತಿ. ಮೂರೂ ಕೂಡಿಸಿ ಭಾಗಾಕಾರ ಮಾಡಿದ್ರ..."

"ನಿಮ್ಮ ಭಾಗಾಕಾರ ಮೋಟರಿಗೆ ಇಟ್ಗೋರಿ," ಎಂದು ಅವಳು ಡಬ್ಬಿ ಮುಚ್ಚಿದಳು. "ಯಾರನ್ನರ ತಿಳದಾವ್ರನ್ನ ಕೇಳಿ ಬರ್ರಿ."

ತಿಳಿದವರು ಎಂದರೆ ನಮ್ಮ ಓಣಿಯ ಕಿರಾಣಿ ಅಂಗಡಿಯ ಕಾಕಾ. ಓಣಿಯವರದೊಂದು ಫೋನಿನ ಗುಂಪು ಇದೆ. ಅದರಲ್ಲಿ ಹವಾಮಾನ ಖಾತೆ ಅವರದು. ಯಾರೂ ಕೊಟ್ಟದ್ದಲ್ಲ, ಅವರೇ ತೆಗೆದುಕೊಂಡದ್ದು. ಗಡಿಯ ಆಚೆಗಿನ ಯಾವನೋ ಒಬ್ಬ ಕಬ್ಬಿನ ಹೊಲದಲ್ಲಿ ನಿಂತು, ಬಿದಿರು ಕೋಲಿನಿಂದ ಆಕಾಶ ತೋರಿಸುತ್ತ, ಮರಾಠಿಯಲ್ಲಿ ಮಳೆ ಹೇಳುವ ವಿಡಿಯೊಗಳನ್ನು ಅವರು ಹಲ್ಲುಜ್ಜುವ ಮೊದಲೇ ನಮಗೆಲ್ಲ ಕಳಿಸುತ್ತಾರೆ. ಕನ್ನಡದಲ್ಲಿ ಹೇಳಿದರೆ, ಹೇಳುವವನು ನಮ್ಮವನೇ ಆದ್ದರಿಂದ ಜನ ನಂಬುವುದಿಲ್ಲ, ಇಂಗ್ಲಿಷಿನಲ್ಲಿ ಹೇಳಿದರೆ ತಿಳಿಯುವುದಿಲ್ಲ. ಮರಾಠಿಯಲ್ಲಿ ಹೇಳಿದ್ದು ತಿಳಿಯುತ್ತದೆ, ಸ್ವಲ್ಪ ಹೊರಗಿನದು ಅನ್ನಿಸುವುದರಿಂದ ಖರೆ ಅಂತಲೂ ಅನ್ನಿಸುತ್ತದೆ.

ಅಂಗಡಿಯ ಕಟ್ಟೆಯ ಮೇಲೆ ಕಾಕಾ ಇದ್ದರು, ಪಕ್ಕದಲ್ಲಿ ಪೆನ್ಶನ್ ತೆಗೆದುಕೊಳ್ಳುವ ಮಾಸ್ತರರೂ ಇದ್ದರು. ನಾನು ಫೋನು ಮುಂದೆ ಹಿಡಿದೆ.

"ಕಾಕಾ, ಅಥಣಿ ಕಡೆ ನಾಲ್ವತ್ತ ಪರ್ಸೆಂಟ್ ಮಳಿ ಅಂತ ತೋರಸಾಕತ್ತೈತಿ. ಹಂಗಂದ್ರ ಏನ್ರಿ?"

"ಇಷ್ಟೂ ಗೊತ್ತಿಲ್ಲೇನೋ ತಮ್ಮಾ? ನೂರ ಮನ್ಯಾಗ ನಾಲ್ವತ್ತ ಮನಿ ಮ್ಯಾಲ ಬೀಳತೈತಿ."

"ನಮ್ಮ ಮನಿ ನಾಲ್ವತ್ತರಾಗ ಬರತೈತೋ, ಅರವತ್ತರಾಗೋ?"

"ಅದನ್ನ ಪಂಚಾಯ್ತ್ಯಾಗ ಕೇಳು. ಮನಿ ನಂಬರ ಅವರ ಕಡೆ ಇರತಾವು."

ಮಾಸ್ತರರು ಎಲೆ ಅಡಿಕೆ ಒಂದು ಕಡೆ ಸರಿಸಿಕೊಂಡು ಹೇಳಿದರು: "ಹಂಗಲ್ಲಪಾ ಅದು. ಪಾಸ್ ಆಗಾಕ ಎಷ್ಟ ಬೇಕು? ಮೂವತ್ತೈದು. ನಾಲ್ವತ್ತ ಬಂದೈತಿ ಅಂದ್ರ ಮಳಿ ಪಾಸ್. ಬರೂದ ಖಾತ್ರಿ."

ಇದು ನನಗೆ ಕೂಡಲೇ ಒಪ್ಪಿಗೆಯಾಯಿತು. ನಾನು ಪಾಸಾದದ್ದೂ ಅಷ್ಟಕ್ಕೇ. ಆದರೆ ಕಾಕಾಗೆ ಒಪ್ಪಿಗೆಯಾಗಲಿಲ್ಲ. ನಾಲ್ಕಾಣೆ ಮಳೆ, ಎಂಟಾಣೆ ಮಳೆ ಎನ್ನುವ ಹಾಗೆ ಇದು ರೂಪಾಯಿಗೆ ನಾಲ್ವತ್ತು ಪೈಸೆ ಮಳೆ, ಅಂದರೆ ಬರೀ ತುಂತುರು ಎಂದರು. ಮಾಸ್ತರರು, ಹಾಗಾದರೆ ಮೊದಲು ಮನೆಯ ಲೆಕ್ಕ ಯಾಕೆ ಹೇಳಿದಿರಿ ಎಂದರು. ಕಾಕಾ, ಎರಡೂ ಲೆಕ್ಕ ಸರಿ, ನಾಲ್ವತ್ತು ಮನೆಯ ಮೇಲೆ ನಾಲ್ವತ್ತು ಪೈಸೆಯಷ್ಟು ಬೀಳುತ್ತದೆ ಎಂದರು. ಸಕ್ಕರೆ ಕೇಳಲು ಬಂದ ಹೆಣ್ಣುಮಗಳೊಬ್ಬಳು ಕಾದು ಕಾದು ವಾಪಸು ಹೋದಳು.

ನಾನು ಮನೆಗೆ ಬರುವಷ್ಟರಲ್ಲಿ ಗೋಧಿ ನೀರಿನಲ್ಲಿತ್ತು.

"ನೀವು ಬರೂದರಾಗ ಮಳಿಗಾಲನ ಬರತಿತ್ತು," ಎಂದಳು ಹೆಂಡತಿ.

ನಮ್ಮ ಪಾಳಿಯ ದಿನ ಸೂರ್ಯ ಹುಟ್ಟುವ ಮೊದಲೇ ಓಣಿಯ ಹೆಂಗಸರೆಲ್ಲ ನಮ್ಮ ಮಾಳಿಗೆ ಹತ್ತಿದ್ದರು. ಗೋಧಿಯ ಹಾಲು ಒಲೆಯ ಮೇಲೆ ಗಟ್ಟಿಯಾಗುತ್ತ, ಬುಳುಬುಳು ಎನ್ನುತ್ತಿತ್ತು. ಒಂದಿಷ್ಟಕ್ಕೆ ಹಸಿರು ಬಣ್ಣ, ಒಂದಿಷ್ಟಕ್ಕೆ ಗುಲಾಬಿ. ಪ್ಲಾಸ್ಟಿಕ್ ಹಾಳೆಗಳ ಮೇಲೆ ಸಾಲಾಗಿ ಒತ್ತುತ್ತ ಹೋದರು. ಮಗಳು ಮಾತ್ರ ಒಂದು ಮೂಲೆಯಲ್ಲಿ ಕೂತು ನವಿಲು ಮಾಡುತ್ತಿದ್ದಳು. ಬಾಲದ ತುಂಬ ಸಣ್ಣ ಸಣ್ಣ ಸುರುಳಿ.

"ಏ, ನವಿಲಿನ ಬಾಲ ಅಷ್ಟ ಗಟ್ಟಿ ಮಾಡಬ್ಯಾಡ್ವಾ," ಎಂದಳೊಬ್ಬಳು. "ನಿನ್ನ ಅತ್ತಿ ಹಲ್ಲ ಹೆಂಗದಾವೋ ಏನೋ."

"ಅತ್ತಿ ಹಲ್ಲಿಂದ ಚಿಂತಿಲ್ಲಬೇ. ಆ ಮಾವಶಿ ಕಣ್ಣಿಂದ ನೋಡು," ಎಂದಳು ಇನ್ನೊಬ್ಬಳು.

ಮಾವಶಿ ಎಂದರೆ ಹುಡುಗನ ತಾಯಿಯ ತಂಗಿ. ನಿಶ್ಚಯದ ದಿನ ನಾವು ಕೊಟ್ಟ ಸೀರೆಯನ್ನು ಹೊಗಳುವ ಮೊದಲು ಒಳಮಗ್ಗುಲು ತಿರುಗಿಸಿ ದಾರದ ಗಂಟುಗಳನ್ನು ನೋಡಿದಾಕೆ. ಅಕ್ಕನ ಮಗಳಿಗೆ ಪಾಕೀಟ ಸೊಸಿ ಎಂದು ಹೆಸರಿಟ್ಟವರು ಬೇರೆ ಮನೆಯವರು. ಆದರೆ ಇಂಥ ಹೆಸರಿಡುವ ಕೆಲಸ ಪ್ರತಿ ಮನೆಯಲ್ಲೂ ಒಬ್ಬರ ಪಾಲಿಗೆ ಬಂದಿರುತ್ತದೆ, ಹುಡುಗನ ಮನೆಯಲ್ಲಿ ಅದು ಈಕೆಯದು ಎಂದು ನನ್ನ ಹೆಂಡತಿ ಅವತ್ತೇ ಗುರುತಿಸಿದ್ದಳು.

ಬಿಸಿಲು ಹೇಳಿ ಮಾಡಿಸಿದ ಹಾಗಿತ್ತು. ಹೊತ್ತು ನೆತ್ತಿಗೆ ಬರುವಷ್ಟರಲ್ಲಿ ಕುರಡಗಿಯ ಮೇಲ್ಮೈ ಬಿರುಸಾಗಿ, ಒಳಗೆ ಇನ್ನೂ ಹಸಿ ಇತ್ತು. ಹೆಂಗಸರು ಊಟಕ್ಕೆ ಕೆಳಗಿಳಿದರು. ಆಗ ನನ್ನ ಫೋನು ಹಿಂದೆಂದೂ ಕೂಗದ ಹಾಗೆ ಕೂಗಿತು. ಪಕ್ಕದ ಮನೆಯವರದೂ ಕೂಗಿತು. ಓಣಿಯ ತುಂಬ ಫೋನುಗಳು ಕೂಗಿಕೊಂಡವು. ಕಿತ್ತಳೆ ಬಣ್ಣದ ಎಚ್ಚರಿಕೆ: ಗುಡುಗು, ಸಿಡಿಲು, ಬಿರುಗಾಳಿ, ಮರದ ಕೆಳಗೆ ನಿಲ್ಲಬೇಡಿ.

ಗುಂಪಿನಲ್ಲಿ ಕಾಕಾ ಬರೆದರು: 'ಎಲ್ಲರೂ ಸುರಕ್ಷಿತ ಸ್ಥಳಕ್ಕೆ ಹೋಗಿರಿ.' ಬರೆದು, ತಾವು ನಮ್ಮ ಮಾಳಿಗೆಗೆ ಬಂದರು. ಹಿಂದೆ ಮಾಸ್ತರರು. ಅವರ ಹಿಂದೆ ನೋಡೋಣ ಅಂತ ಬಂದ ಓಣಿಯ ಗಂಡಸರು. ಎಲ್ಲರೂ ಹಾಳೆಗಳ ನಡುವಿನ ಸಂದಿಯಲ್ಲಿ ಒಂಟಿಗಾಲಿನಲ್ಲಿ ನಿಂತು ಪಶ್ಚಿಮಕ್ಕೆ ನೋಡಿದರು. ದೂರದಲ್ಲಿ ಒಂದು ಮೋಡವಿತ್ತು. ಮಾಸ್ತರರು ಹಲಗೆ ಒರೆಸಿದ ಮೇಲೆ ಉಳಿಯುವ ಸುಣ್ಣದಷ್ಟು.

"ಮಹಾರಾಷ್ಟ್ರದ್ದು ಅದು," ಎಂದರು ಕಾಕಾ. "ಇತ್ತ ಬರಾಂಗಿಲ್ಲ."

"ಯಾಕ್ರಿ, ಮೋಡಕ್ಕೂ ಚೆಕ್‌ಪೋಸ್ಟ್ ಇಟ್ಟಾರೇನು?" ಎಂದರು ಮಾಸ್ತರರು.

"ಹಂಗಾದ್ರ ಆ ಫೋನ್ ಯಾಕ ಒದರಿತು?" ಎಂದೆ ನಾನು.

"ಅದನ್ನ ನಾ ಕೇಳಾಕತ್ತೇನಿ ನಿಮಗ," ಎಂದರು ಮಾಸ್ತರರು, ಕಾಕಾರ ಕಡೆ ತಿರುಗಿ.

ಹೆಂಡತಿ ಮೆಟ್ಟಿಲ ಮೇಲೆ ಬಂದು ನಿಂತಳು. ಮೋಡವನ್ನು ನೋಡಲಿಲ್ಲ, ನನ್ನನ್ನು ನೋಡಿದಳು. "ಏನ ಮಾಡೂದ್ರಿ?"

ನಾನು ಫೋನು ನೋಡಿದೆ. ಮೀರಜದ ಸೂರ್ಯನೂ ಮಾಯವಾಗಿದ್ದ. ಮೂರೂ ಊರಿನಲ್ಲಿ ಸಿಡಿಲು. ಮೂರು ಊರು ಒಂದೇ ಮಾತು ಹೇಳಿದ್ದು ಅವತ್ತೇ ಮೊದಲು.

"ಇಳಸೂನು," ಎಂದೆ.

ಒಂದೊಂದು ಹಾಳೆಗೆ ನಾಲ್ಕು ಮೂಲೆ, ನಾಲ್ಕು ಜನ. ಅರ್ಧ ಒಣಗಿದ ಕುರಡಗಿಯ ಸ್ವಭಾವ ವಿಚಿತ್ರ. ಪೂರಾ ಹಸಿ ಇದ್ದರೆ ಬಗ್ಗುತ್ತದೆ, ಪೂರಾ ಒಣಗಿದರೆ ಗಟ್ಟಿ ನಿಲ್ಲುತ್ತದೆ. ನಡುವೆ ಮುಟ್ಟಿದರೆ ಮುರಿಯುತ್ತದೆ. ನಮ್ಮ ಮೆಟ್ಟಿಲು ಇಕ್ಕಟ್ಟು, ಹಾಳೆ ಅಗಲ. ಒಬ್ಬರು ಮೇಲೆತ್ತಿ ಎಂದರೆ ಇನ್ನೊಬ್ಬರು ಕೆಳಗಿಳಿಸುತ್ತಿದ್ದರು. ಹಾಸಿಗೆ, ಮಂಚ, ಟಿವಿಯ ಮೇಜು, ಮನೆಯೊಳಗೆ ನಾನು ತಂದಿಟ್ಟಿದ್ದ ಸುಟ್ಟ ಮೋಟರುಗಳ ಬೆನ್ನು, ಎಲ್ಲ ಕಡೆ ಕುರಡಗಿ ಹರಡಿದೆವು. ಮುಗಿಸಿ ನೀರು ಕುಡಿಯುವಷ್ಟರಲ್ಲಿ ಕಿಟಕಿಯಿಂದ ಕಣ್ಣು ಕುಕ್ಕುವ ಬಿಸಿಲು. ಫೋನಿನಲ್ಲಿ ಸಿಡಿಲು ಹೋಗಿ ಮತ್ತೆ ಸೂರ್ಯ ನಗುತ್ತಿದ್ದ, ಏನೂ ಆಗಿಲ್ಲವೆಂಬಂತೆ.

ಒಳಗಿಟ್ಟರೆ ಹುಳಿ ವಾಸನೆ ಹಿಡಿಯುತ್ತದೆ ಎಂದು ಹೆಂಗಸರು ಅವಸರ ಮಾಡಿದರು. ಎಲ್ಲ ಮತ್ತೆ ಮೇಲೆ ಹೋಯಿತು. ಕೊನೆಯ ಹಾಳೆ ಹಾಸುತ್ತಿದ್ದಾಗ ಕಾಕಾರ ಫೋನಿಗೆ ಒಂದು ವಿಡಿಯೊ ಬಂತು: ಅಥಣಿ ಆಚೆಯ ತೆಲಸಂಗದ ಕಡೆ ಆಲಿಕಲ್ಲು, ನಿಂಬೆಹಣ್ಣಿನಷ್ಟು. ಕಾಕಾ ಅದನ್ನು ಗಟ್ಟಿಯಾಗಿ ಘೋಷಿಸಿದರು. ನಿಂಬೆಹಣ್ಣು ಎಂಬ ಶಬ್ದ ಕೇಳಿದ ಮೇಲೆ ಯಾರೂ ಆಕಾಶ ನೋಡಲಿಲ್ಲ. ಎಲ್ಲ ಮತ್ತೆ ಕೆಳಗೆ ಬಂತು. ಆಮೇಲೆ ಮಾಸ್ತರರು ಆ ವಿಡಿಯೊದಲ್ಲಿದ್ದವರು ಸ್ವೆಟರು ಹಾಕಿಕೊಂಡಿದ್ದನ್ನು ತೋರಿಸಿದರು. ನಮ್ಮ ಸೀಮೆಯಲ್ಲಿ ಮೇ ತಿಂಗಳಲ್ಲಿ ಸ್ವೆಟರು ಹಾಕುವವರು ಆಸ್ಪತ್ರೆಯಲ್ಲಿರುತ್ತಾರೆ. ಎಲ್ಲ ಮತ್ತೆ ಮೇಲೆ ಹೋಯಿತು.

ಸಂಜೆಯ ತನಕ ಒಂದು ಹನಿ ಬೀಳಲಿಲ್ಲ. ಆ ಸುಣ್ಣದ ಗುರುತಿನಂಥ ಮೋಡ ರಾಯಬಾಗದ ಕಡೆ ಹೋಗಿ ಕರಗಿತು. ಹಾಳೆಗಳ ಮೇಲೆ ಇಡಿಯಾಗಿ ಉಳಿದ ಕುರಡಗಿ ಎಣಿಸುವಷ್ಟೂ ಇರಲಿಲ್ಲ. ಉಳಿದದ್ದೆಲ್ಲ ತುಂಡು, ಎಳೆ, ಪುಡಿ. ನವಿಲಿಗೆ ಬಾಲವಿತ್ತು, ತಲೆ ಇರಲಿಲ್ಲ. ಮಗಳು ತಲೆಯನ್ನು ಹುಡುಕುತ್ತ ಮೆಟ್ಟಿಲುಗಳ ಮೇಲೆ ಬಗ್ಗಿ ಬಗ್ಗಿ ನೋಡಿದಳು.

ಹೆಂಡತಿ ಗೋಡೆಗೆ ಒರಗಿ ಕೂತಿದ್ದಳು. ನಾನು ಬೈಗುಳ ತಿನ್ನಲು ತಯಾರಾಗಿ ಪಕ್ಕದಲ್ಲಿ ಕೂತೆ.

"ಮಳಿ ಬಂದಿದ್ರ ಮಳಿಗಿ ಬೈತಿದ್ನಿ," ಎಂದಳು. "ಈಗ ಯಾರಿಗಿ ಬೈಲಿ?"

ಅಷ್ಟರಲ್ಲಿ ಗುಂಪಿನಲ್ಲಿ ಕಾಕಾರ ಸಂದೇಶ ಬಂತು. 'ಸಕಾಲಿಕ ಮುನ್ನೆಚ್ಚರಿಕೆಯಿಂದ ಇಂದು ನಮ್ಮ ಓಣಿಯಲ್ಲಿ ದೊಡ್ಡ ಅನಾಹುತ ತಪ್ಪಿತು. ಸಹಕರಿಸಿದ ಎಲ್ಲರಿಗೂ ಧನ್ಯವಾದಗಳು.' ಕೆಳಗೆ ಕೈ ಮುಗಿದ ಚಿತ್ರಗಳು ಸಾಲಾಗಿ ಬಂದವು. ಹೆಂಡತಿಗೆ ಅದನ್ನು ಓದಿ ಹೇಳಲು ನನಗೆ ಧೈರ್ಯವಾಗಲಿಲ್ಲ.

ಮೂರನೆಯ ದಿನ ಅವಳೇ ದಾರಿ ಹುಡುಕಿದಳು. ರುಖವತದಲ್ಲಿ ಕುರಡಗಿಯನ್ನು ಕರಿಯದೆ ಹಾಗೆಯೇ ಇಡುವುದು ರೂಢಿ. ಕರಿಯದೆ ಇಟ್ಟರೆ ಮುರಿದದ್ದು ಕಾಣುತ್ತದೆ. ಕರಿದರೆ ಅರಳಿ ಒಂದರೊಳಗೊಂದು ಸಿಕ್ಕಿಕೊಂಡು ಎಲ್ಲಿ ಶುರು ಎಲ್ಲಿ ಕೊನೆ ಅಂತ ತಿಳಿಯುವುದಿಲ್ಲ. ಕರಿದೇ ಒಂದು ಗುಡ್ಡ ಕಟ್ಟುವುದು. ತುಂಡುಗಳೆಲ್ಲ ಕೆಳಗೆ, ಇಡಿಯಾಗಿದ್ದವು ಮೇಲೆ, ತುದಿಯಲ್ಲಿ ಬಾಲದ ನವಿಲು, ಅದಕ್ಕೆ ಅಡಿಕೆಯ ತಲೆ.

"ಮಾವಶಿ ಕೈ ಒಳಗ ಹಾಕಿ ನೋಡಿದ್ರವ್ವಾ?" ಎಂದಳು ಮಗಳು.

"ಹಾಕದ ಬಿಡ್ತಾಳೇನ ಆಕಿ? ಹಾಕೇ ಹಾಕ್ತಾಳ," ಎಂದಳು ಹೆಂಡತಿ.

ಮದುವೆಯ ದಿನ ನಾನು ಹವಾಮಾನ ನೋಡಲಿಲ್ಲ. ಯಾರೂ ನೋಡಲಿಲ್ಲ. ಕಾಕಾ ರೇಷ್ಮೆ ರುಮಾಲು ಸುತ್ತಿಕೊಂಡು ಬೀಗರನ್ನು ಬರಮಾಡಿಕೊಳ್ಳುವುದರಲ್ಲಿದ್ದರು. ಕಾರ್ಯಾಲಯದ ಒಂದು ಪಕ್ಕಕ್ಕೆ ರುಖವತದ ಮೇಜು. ಅದರ ನಡುವೆ ಅಗಲವಾದ ಬುಟ್ಟಿಯಲ್ಲಿ ಹಸಿರು, ಗುಲಾಬಿ, ಬಿಳಿ ಕುರಡಗಿಯ ಗುಡ್ಡ ನನ್ನ ಎದೆಮಟ್ಟ ಎದ್ದಿತ್ತು. ನಿಜ ಹೇಳಬೇಕೆಂದರೆ ಚೆಂದವಿತ್ತು. ಅಕ್ಷತೆ ಬಿದ್ದ ಮೇಲೆ ಗಂಡಿನ ಕಡೆಯ ಹೆಂಗಸರು ನೋಡಲು ಬರುವುದು ಅಂತ ಮಾತಾಗಿತ್ತು.

ಅಕ್ಷತೆಯ ಜೊತೆಗೇ ಮುಂಗಾರಿಗೆ ಮೊದಲಿನ ಅಡ್ಡಮಳೆ ಬಿತ್ತು. ಯಾವ ಫೋನೂ ಕೂಗಲಿಲ್ಲ. ಒಮ್ಮೆಲೇ ಗಾಳಿ, ಕತ್ತಲು, ತಗಡಿನ ಮೇಲೆ ಕಲ್ಲು ಸುರಿದಂಥ ಸದ್ದು. ಕರೆಂಟು ಹೋಯಿತು. ಹಿತ್ತಲಿನ ಅಡುಗೆಯ ಚಪ್ಪರಕ್ಕೆ ನೀರು ನುಗ್ಗಿ ಒಲೆಗಳು ಆರಿದವು. ಊಟ ತಡ ಎಂದು ಸುದ್ದಿ ಬಂತು. ಹೊರಗಿದ್ದ ಬೀಗರೆಲ್ಲ ಒಳಗೆ ಓಡಿಬಂದರು. ಜಾಗವಿದ್ದದ್ದು ರುಖವತದ ಮೂಲೆಯಲ್ಲಿ ಮಾತ್ರ.

ಮುಂಜಾನೆಯಿಂದ ಉಪವಾಸವಿದ್ದ ಜನ. ಮೊದಲು ಒಂದು ಮಗು ಒಂದು ಎಳೆ ಮುರಿಯಿತು. ಅದರ ಅಜ್ಜ, ಹಾಗೆ ಮಾಡಬಾರದು ಎಂದು ಮಗುವಿನ ಕೈಯಿಂದ ಕಸಿದುಕೊಂಡು ತಾವು ತಿಂದರು. ಆಮೇಲೆ ಕತ್ತಲಲ್ಲಿ ಕುರುಕುರು ಎನ್ನುವ ಸದ್ದು ಎಲ್ಲ ಕಡೆಯಿಂದ ಶುರುವಾಯಿತು.

ಹೆಂಡತಿ ಒಳಗೆ ಸೀರೆ ಬದಲಿಸುತ್ತಿದ್ದಳು. ನಾನೇ ಮುಂದೆ ಹೋಗಿ ಆ ಅಜ್ಜನಿಗೆ ಹೇಳಿದೆ: "ಯಜಮಾನರ, ಅದು ನೋಡಾಕ ಇಟ್ಟದ್ದರಿ."

"ನೋಡೇ ತಿನ್ನಾಕತ್ತೇವಲ್ಲರಿ," ಎಂದರು ಅವರು, ಬಾಯಿ ತುಂಬ ಇಟ್ಟುಕೊಂಡು. "ಕತ್ತಲಾಗೇನ ತಿಂತೇವೇನ? ಮೊಬೈಲ್ ಬ್ಯಾಟರಿ ಹಚ್ಚೇವಿ ನೋಡ್ರಿ."

ಬೀಗರ ಕೈ ಹಿಡಿಯುವ ಹಾಗಿಲ್ಲ. ನಾನು ಹಿಂದೆ ಸರಿದೆ.

ಹೆಂಡತಿ ಬಂದಾಗ ಗುಡ್ಡವಿರಲಿಲ್ಲ. ಬುಟ್ಟಿಯ ತಳದಲ್ಲಿ ಚೂರು, ಪಕ್ಕದಲ್ಲಿ ಒಂದು ಅಡಿಕೆ. ಅದೇ ಹೊತ್ತಿಗೆ ಆ ಕಡೆಯಿಂದ ಮಾವಶಿ, ಹಿಂದೆ ನಾಲ್ಕು ಹೆಂಗಸರು, ಕೈಯಲ್ಲಿ ಫೋನಿನ ಬೆಳಕು. ಜನ ದಾರಿ ಬಿಟ್ಟರು. ಆಕೆ ಹಪ್ಪಳ ಎತ್ತಿ ನೋಡಿದರು, ಶ್ಯಾವಿಗೆ ಮುರಿದು ನೋಡಿದರು, ಉಂಡೆ ಅಲುಗಿಸಿ ನೋಡಿದರು. ಬುಟ್ಟಿಯ ಮುಂದೆ ನಿಂತರು. ಬೆಳಕು ಒಳಗೆ ಬಿಟ್ಟರು.

"ಎಲ್ಲೈತ್ರಿ ಕುರಡಗಿ?"

"ನಿಮ್ಮ ಮಂದೀ ತಿಂದಾರ್ರಿ," ಎಂದಳು ಹೆಂಡತಿ.

ಮಾವಶಿ ಕೈ ಒಳಗೆ ಹಾಕಿದರು. ತಳದಿಂದ ಒಂದು ಮುಷ್ಟಿ ಚೂರು ಎತ್ತಿ ಬೆಳಕಿಗೆ ಹಿಡಿದರು, ಬಾಯಿಗೆ ಹಾಕಿಕೊಂಡರು. ಹೆಂಡತಿಯ ಕೈ ನನ್ನ ಅಂಗಿಯ ತೋಳು ಹಿಡಿದಿತ್ತು. ಮಾವಶಿ ಸಾವಕಾಶ ಅಗಿದರು. ಇನ್ನೊಂದು ಚೂರು ಹಾಕಿಕೊಂಡರು.

"ಉಪ್ಪ ಥೋಡೆ ಕಮ್ಮಿ ಆಗೈತ್ರಿ, ಬೀಗತಿ."

"ಹೌದೇನ್ರಿ," ಎಂದಳು ಹೆಂಡತಿ, ಬಹಳ ವಿನಯದಿಂದ. "ಬರೂ ವರ್ಷ ನೋಡಿ ಹಾಕ್ತೇನ್ರಿ."

ಮಾವಶಿ ಮುಂದಿನ ತಾಟಿಗೆ ಹೋದರು. ಹೆಂಡತಿ ನನ್ನನ್ನು ಕಂಬದ ಹಿಂದೆ ಎಳೆದುಕೊಂಡಳು.

"ಕೇಳಿದ್ರಿಲ್ಲೋ? ಉಪ್ಪ ಅಂದ್ಲು. ಬರೇ ಉಪ್ಪ ಅಂದ್ಲು!"

ವೇದಿಕೆಯ ಮೇಲೆ ಮಗಳು ಬಾಸಿಂಗದ ಸಂದಿಯಿಂದ ನಮ್ಮ ಕಡೆಗೇ ನೋಡುತ್ತಿದ್ದಳು. ಅಷ್ಟು ದೂರಕ್ಕೆ, ಅಷ್ಟು ಮಳೆಯ ಸದ್ದಿಗೆ, ಮಾತು ಮುಟ್ಟುವ ಹಾಗಿರಲಿಲ್ಲ. ಹೆಂಡತಿ ಫೋನಿನ ಬೆಳಕಿಗೆ ಕೈ ಎತ್ತಿ ಎರಡು ಬೆರಳಿನಿಂದ ಚಿಟಿಕೆ ಉಪ್ಪು ಉದುರಿಸುವ ಹಾಗೆ ಮಾಡಿ ತೋರಿಸಿದಳು. ಮಗಳು ಒಂದು ಗಳಿಗೆ ತಿಳಿಯದೆ ನೋಡಿದಳು, ಆಮೇಲೆ ನಕ್ಕಳು, ತಡೆಯಲಾಗದೆ ನಕ್ಕಳು. ಫೋಟೊದವನು ಆಗಲೇ ಗುಂಡಿ ಒತ್ತಿದ್ದ. ಆ ಆಲ್ಬಮ್ಮಿನಲ್ಲಿ ಎಲ್ಲರೂ ಕ್ಯಾಮೆರಾದ ಕಡೆ ನೋಡುತ್ತಿರುವಾಗ, ನಮ್ಮ ಮದುಮಗಳು ಮಾತ್ರ ಬೇರೆಲ್ಲೋ ನೋಡಿ ಹಲ್ಲು ಬಿಟ್ಟಿದ್ದಾಳೆ.